ಸದಲಗೆಯಿಂದ ಮಾನಸಗಂಗೋತ್ರಿಗೆ

ಬೆಳಗಾವಿಯ ಅಂಚಿನ ಮಚ್ಛೆಯಲ್ಲಿ ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡವು ಎಂಜಿನಿಯರಿಂಗ್ ಪಠ್ಯಕ್ರಮದ ಒಂದು ಕಿರುವಿಷಯ. ಪ್ರಾಕೃತದ ಮಾತಂತೂ ದೂರ. ಆದರೆ ಪ್ರಾಕೃತ ಗ್ರಂಥಸಂಪಾದನೆಗೆ ಆಧುನಿಕ ಶಿಸ್ತನ್ನು ತಂದ ಡಾ. ಆ. ನೇ. ಉಪಾಧ್ಯೆಯವರು ಇದೇ ಜಿಲ್ಲೆಯ ಸದಲಗೆಯಲ್ಲಿ 1906ರಲ್ಲಿ ಜನಿಸಿದವರು.

1930ರಿಂದ 1962ರವರೆಗೆ ಅವರು ಅರ್ಧಮಾಗಧಿಯನ್ನು ಬೋಧಿಸಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿದಾಗ ಆಚಾರ್ಯರ ಕಾಲ, ಕೃತಿ, ಭಾಷೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಸುದೀರ್ಘ ಪ್ರಸ್ತಾವನೆಯೇ ಒಂದು ಸ್ವತಂತ್ರ ಗ್ರಂಥವೆನ್ನಬೇಕು. ವಿದ್ವತ್ತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಪೀಠಕ್ಕೆ. ಮೈಸೂರು ವಿಶ್ವವಿದ್ಯಾಲಯವು ಅವರನ್ನು ಜೈನಶಾಸ್ತ್ರ ಮತ್ತು ಪ್ರಾಕೃತದ ಮೊದಲ ಪ್ರಾಧ್ಯಾಪಕರನ್ನಾಗಿ ಮಾನಸಗಂಗೋತ್ರಿಗೆ ಕರೆದದ್ದು 1971ರಲ್ಲಿ, ಅವರ ಅರವತ್ತೈದರ ಪ್ರಾಯದಲ್ಲಿ.

1975ರಲ್ಲಿ ಅವರು ಕಾಲವಾದರು. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬೆಳಗಾವಿಗೆ ಬಂದದ್ದು 1982ರಲ್ಲಿ.