ಕಿತ್ತೂರಿಗೆ ಉಗಿಯಂತ್ರ ಕೊಟ್ಟು ನೋಡಿದೆ: ನನ್ನ ಸ್ಕೆಚ್‌ಬುಕ್ಕು, ನಮ್ಮೂರ ಇತಿಹಾಸ

ಭಾಗ 1: ಒಂದು ಫಾರ್ವರ್ಡ್ ಕಥಿ

ಬಹಳ ದಿನದಿಂದ "ಸ್ಕೆಚ್‌ಬುಕ್ ಪೂರಾ ತೋರಿಸು" ಅಂತ ಕಾಮೆಂಟ್ ಹಾಕ್ತಿದ್ರಿ. ಇವತ್ತಿಂದ ಒಂದೊಂದೇ ಪುಟ ಹಾಕ್ತೀನಿ. ಆದ್ರ ಚಿತ್ರದ ಜೊತಿ ಉದ್ದನ್ನ ಕ್ಯಾಪ್ಶನ್ನೂ ಇರ್ತಾವ, ಓದಬೇಕು. ಯಾಕಂದ್ರ ಕಳೆದ ತಿಂಗಳು ಒಂದು ತಪ್ಪಾತು.

ಕಿತ್ತೂರು ಕೋಟೆ ಬಾಗಿಲ ಮ್ಯಾಲೆ ಹಿತ್ತಾಳೆ ಪೈಪಿನ ಉಗಿ ತೋಪು, ಹಲ್ಲುಗಾಲಿ, ಹೊಗೆ. ಆ ಚಿತ್ರ ನಿಮಗ ನೆನಪಿರಬೇಕು, ನನ್ನ ಪೇಜಿನ್ಯಾಗ ಭಾಳ ಲೈಕ್ ಬಂದದ್ದು ಅದಕ್ಕ. ಹದಿನೈದು ದಿನ ಆದಮ್ಯಾಲೆ ಅದೇ ಚಿತ್ರ ನಮ್ಮ ಸಂಬಂಧಿಕರ ವಾಟ್ಸಾಪ್ ಗ್ರೂಪಿಗೆ ತಿರುಗಿ ಬಂತು. ನನ್ನ ಸಹಿ ಕತ್ತರಿಸಿದ್ರು. ಕೆಳಗ ಬರೆದದ್ದು: "ಚೆನ್ನಮ್ಮನ ಸೈನ್ಯದ ಉಗಿ ತೋಪು, 1824. ಇತಿಹಾಸ ಮುಚ್ಚಿಟ್ಟ ಸತ್ಯ." ಎಂಟನೇತ್ತೆ ಓದೋ ನನ್ನ ತಮ್ಮ ಓಡಿ ಬಂದು ಕೇಳಿದ: "ಇದು ಖರೇನ?"

"ಇಲ್ಲೋ, ನಾನ ಬರದದ್ದು" ಅಂದೆ. ಅವನ ಮುಖ ಸಣ್ಣದಾತು. ಆವಾಗ ತಿಳೀತು, ಚೆಂದ ಚಿತ್ರ ಬರೆಯೋದಷ್ಟೇ ಸಾಲೂದಿಲ್ಲ. ಯಾವುದು ಆದದ್ದು, ಯಾವುದು ನಾ ಕಲ್ಪಿಸಿದ್ದು ಅನ್ನೋದಕ್ಕ ಲೆಕ್ಕ ಇಡಬೇಕು. ಬಿಕಾಂ ಓದಿ ಅಷ್ಟೂ ಬರಲಿಲ್ಲ ಅಂದ್ರ ಹೆಂಗ? ಹಂಗಾಗಿ ಹೊಸ ಪದ್ಧತಿ ಮಾಡೀನಿ. ಎಡಗಡೆ ಪುಟದಾಗ ಇತಿಹಾಸ, ಬಲಗಡೆ ಪುಟದಾಗ ಕಲ್ಪನೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ಭಾಗ 2: ಸ್ಟೀಮ್‌ಪಂಕ್ ಅಂದ್ರೇನು?

ಭಾಳ ಮಂದಿ ಕೇಳೀರಿ. 1800ರ ಶತಮಾನದ ಉಗಿಯಂತ್ರ, ಹಲ್ಲುಗಾಲಿ, ಬಲೂನು, ಟೆಲಿಗ್ರಾಫ್ ಇವನ್ನೇ ಹಿಡಿದು, "ಪೆಟ್ರೋಲು, ಕಂಪ್ಯೂಟರ್ ಚಿಪ್ಪು ಬರದೇ ಇದೇ ದಾರಿಯಲ್ಲಿ ಜಗತ್ತು ಮುಂದುವರೆದಿದ್ದರೆ ಹೇಗಿರುತ್ತಿತ್ತು" ಎಂದು ಊಹಿಸುವ ಕಥೆ ಮತ್ತು ಚಿತ್ರಗಳ ಶೈಲಿ. ಈ ಹೆಸರನ್ನ 1987ರಲ್ಲಿ ಅಮೆರಿಕದ ಲೇಖಕ ಕೆ.ಡಬ್ಲ್ಯೂ. ಜೀಟರ್ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ ಅರ್ಧ ತಮಾಷೆಗೆ ಇಟ್ಟ. ಹೆಸರು ಹೊಸದು, ಆದರೆ ಬೇರು ಹಳೆಯದು. ಫ್ರಾನ್ಸಿನ ಜೂಲ್ಸ್ ವರ್ನ್‌ನ ಕಾದಂಬರಿಗಳೇ ಇದರ ತವರುಮನೆ.

ಇಲ್ಲೊಂದು ಮಜಾ ಐತಿ ನೋಡ್ರಿ. ವರ್ನ್‌ನ ಸಬ್‌ಮರಿನ್ ಕ್ಯಾಪ್ಟನ್ ನೀಮೋ ಯಾರು? 1870ರ ಮೊದಲ ಕಾದಂಬರಿಯಲ್ಲಿ ಗುಟ್ಟು ಬಿಡೋದಿಲ್ಲ. 1875ರ 'ದ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಬಯಲಾಗ್ತದ: ಆತ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು, ಮತ್ತು ನಮ್ಮ ಟಿಪ್ಪು ಸುಲ್ತಾನನ ಸಂಬಂಧದಲ್ಲಿ ಸೋದರಳಿಯ! ಇದು ಕಾದಂಬರಿಯ ಸಂಬಂಧ, ವಂಶಾವಳಿಯಾಗ ಹುಡುಕಬ್ಯಾಡ್ರಿ. ಆದರೂ ಜಗತ್ತಿನ ಅತಿ ಪ್ರಸಿದ್ಧ ಕಲ್ಪಿತ ಯಂತ್ರದ ಒಡೆಯನನ್ನ ವರ್ನ್ ಕಂಪನಿ ಸರ್ಕಾರದ ಮೇಲೆ ಸಿಟ್ಟಿದ್ದ ಭಾರತೀಯನನ್ನಾಗಿ ಮಾಡಿದ. 1880ರಲ್ಲಿ ಆತನೇ 'ದ ಸ್ಟೀಮ್ ಹೌಸ್' ಬರೆದ. ಅದರಾಗ ಉಗಿಯಿಂದ ನಡೆಯೋ ಉಕ್ಕಿನ ಆನೆ ಎರಡು ಮನೆಗಾಡಿ ಎಳ್ಕೊಂಡು ಉತ್ತರ ಭಾರತ ಸುತ್ತತದ. ಒಳಗ ಆರಾಮಾಗಿ ಕೂತವ್ರು ಯುರೋಪಿಯನ್ನರು.

ಇದನ್ನ ಓದಿದ ಮ್ಯಾಲೆ ನನ್ನ ತಲ್ಯಾಗ ಒಂದು ಪ್ರಶ್ನೆ ಉಳೀತು: ಯಂತ್ರದ ಒಳಗ ಕೂತವರು ಯಾರು, ಹೊರಗ ನಿಂತವರು ಯಾರು?

ಭಾಗ 3: 1824ರಲ್ಲಿ ಉಗಿ ಯಾರ ಕಡೆ ಇತ್ತು?

ಎಡಗಡೆ ಪುಟ. ಇದು ಆದದ್ದು.

1822ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಹಲ್ಲುಗಾಲಿಯಿಂದ ಲೆಕ್ಕ ಮಾಡುವ 'ಡಿಫರೆನ್ಸ್ ಎಂಜಿನ್' ಯೋಜನೆ ಮಂಡಿಸಿದ. ಮರುವರ್ಷದಿಂದ ಬ್ರಿಟಿಷ್ ಸರ್ಕಾರ ದುಡ್ಡು ಕೊಟ್ಟಿತು. 1842ರಲ್ಲಿ ಕೈಬಿಡುವ ಹೊತ್ತಿಗೆ ಸುಮಾರು 17,000 ಪೌಂಡ್ ಖರ್ಚಾಗಿತ್ತು, ಯಂತ್ರ ಮುಗಿದಿರಲಿಲ್ಲ. ಕಾಸ್ಟಿಂಗ್ ಪೇಪರಿಗೆ ಇದಕ್ಕಿಂತ ಚಲೋ ಉದಾಹರಣೆ ಬೇಕೇನು?

ಅದೇ ಹೊತ್ತಿಗೆ ಇಲ್ಲಿ. 1824ರ ಸೆಪ್ಟೆಂಬರ್ 11ಕ್ಕೆ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡರು. ದತ್ತುಪುತ್ರನನ್ನ ಕಂಪನಿ ಒಪ್ಪಲಿಲ್ಲ. ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ಬರೋದಕ್ಕಿಂತ ಎರಡು ದಶಕ ಮೊದಲೇ ನಮ್ಮ ಕಡೆ ಅದರ ರುಚಿ ತೋರಿಸಿದ್ರು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಸತ್ತ. ಗುಂಡು ಹೊಡೆದವರು ಅಮಟೂರ ಬಾಳಪ್ಪ ಅಂತ ನಾವೆಲ್ಲ ಸಣ್ಣವರಿದ್ದಾಗಿಂದ ಕೇಳೀವಿ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು.

ಇನ್ನ ಕೇಳ್ರಿ. ಅದೇ 1824ರಲ್ಲಿ ಕಂಪನಿ ಬರ್ಮಾ ದೇಶದ ಜೊತೆ ಯುದ್ಧದಲ್ಲಿತ್ತು. ಐರಾವತಿ ನದಿಯಲ್ಲಿ 'ಡಯಾನಾ' ಅನ್ನೋ ಉಗಿ ಹಡಗು ಓಡಾಡಿತು. ಹಿಂದಿನ ವರ್ಷ ಕಲ್ಕತ್ತಾದ ಖಿದಿರ್‌ಪುರದಲ್ಲಿ ನೀರಿಗಿಳಿದ ಹಡಗು ಅದು. ಗಾಳಿ ಬೀಸಲಿ ಬಿಡಲಿ, ಪ್ರವಾಹಕ್ಕೆ ಎದುರಾಗಿ ಹೋಗೋದು. ಆ ಯುದ್ಧದಾಗ ಕಾಂಗ್ರೀವ್ ರಾಕೆಟ್ಟನ್ನೂ ಹಾರಿಸಿದ್ರು. ಆ ರಾಕೆಟ್ ಎಲ್ಲಿಂದ ಬಂತು? ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ಕಬ್ಬಿಣದ ಕೊಳವೆ ರಾಕೆಟ್ಟುಗಳನ್ನ 1799ರ ನಂತರ ಇಂಗ್ಲೆಂಡಿಗೆ ಒಯ್ದು, ನೋಡಿ ಕಲಿತು ಮಾಡಿದ್ದು.

ಅಂದ್ರ ಲೆಕ್ಕ ಇಷ್ಟು. ಉಗಿ ಕಂಪನಿ ಕಡೆ ಇತ್ತು. ನಮ್ಮ ರಾಕೆಟ್ಟೂ ಅಷ್ಟೊತ್ತಿಗೆ ಕಂಪನಿ ಕಡೆ ಹೋಗಿತ್ತು. ಕಿತ್ತೂರಿನವರು ಎದುರಿಸಿದ್ದು ಬರೀ ಒಂದು ಪಲ್ಟನ್ನನ್ನಲ್ಲ. ನಾನು ಪೈಪ್ ತೋಪು ಬರೆದು ಕೊಟ್ಟಾಗ ಅವರ ಧೈರ್ಯ ಹೆಚ್ಚಾಗಲಿಲ್ಲ, ಕಡಿಮೆಯಾತು. ಯಂತ್ರ ಇಲ್ಲದೇ ನಿಂತದ್ದೇ ಅವರ ಕಥಿ.

ಭಾಗ 4: ಕಲ್ಲಿದ್ದಲಿಲ್ಲದ ಊರಿಗೆ ಎಂಥಾ ಯಂತ್ರ?

ಬಲಗಡೆ ಪುಟ. ಇದು ಕಲ್ಪನೆ. ಆದರೆ ಕಲ್ಪನೆಗೂ ಬುಡ ಬೇಕು.

ಹಳೇ ಡಿಸೈನ್ ಹರಿದು ಹಾಕಿದೆ. ಉಗಿಗೆ ಕಲ್ಲಿದ್ದಲು ಬೇಕು, ನಮ್ಮ ಕಡೆ ಗಣಿ ಇಲ್ಲ. ಕಟಿಗಿ ಸುಟ್ಟರ ಎರಡು ವರ್ಷದಾಗ ಗುಡ್ಡ ಬೋಳು. ಮತ್ತ ನಮ್ಮ ಹತ್ರ ಏನಿತ್ತು? ಬಾವಿಯಿಂದ ಎತ್ತು ಕಟ್ಟಿ ನೀರೆತ್ತೋ ಮಟ್ಟಿ, ಎಣ್ಣಿ ಗಾಣ, ಮಗ್ಗ, ಕಮ್ಮಾರನ ತಿದಿ. ಇವೆಲ್ಲ ಯಂತ್ರಗಳೇ. ಮಲಪ್ರಭೆ ಇತ್ತು. ಘಟಪ್ರಭೆ ಇತ್ತು.

ಘಟಪ್ರಭೆ ಕಥಿಯಂತೂ ಖರೇನ ಆಗೇತಿ. ಗೋಕಾಕ ಜಲಪಾತದಲ್ಲಿ ನದಿ ಸುಮಾರು 52 ಮೀಟರ್ ಕೆಳಗೆ ಬೀಳ್ತದ. ಆ ಬೀಳೋ ನೀರಿನ ಬಲವನ್ನೇ ನಂಬಿ ಅಲ್ಲಿ ನೂಲಿನ ಗಿರಣಿ ಕಟ್ಟಿದರು, 1887ರಲ್ಲಿ ಶುರುವಾಯಿತು. ಕಂಪನಿಯ ಹೆಸರಿನಲ್ಲೇ 'ವಾಟರ್ ಪವರ್' ಇತ್ತು. ಬಂಡೆಗಳ ಮೇಲಿನ ತೂಗುಸೇತುವೆ, ಗೋಡೆಗಂಟಿದ ದೊಡ್ಡ ಪೈಪು, ಕೆಳಗೆ ಟರ್ಬೈನು. ಲಂಡನ್ನಿನ ಸ್ಟೀಮ್‌ಪಂಕ್ ಆರ್ಟಿಸ್ಟು ತಿಂಗಳುಗಟ್ಟಲೆ ಕೂತು ಕಲ್ಪಿಸೋದನ್ನ ನಾವು ಬಸ್ ಹತ್ತಿ ನೋಡಿ, ಕರದಂಟು ತಗೊಂಡು ಬರಬಹುದು.

ಇನ್ನೊಂದು ಯಂತ್ರ ಕಿತ್ತೂರು ಅರಮನೆಯಾಗ ಐತಿ. ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡೋ ಕೊಳವೆ. ಶಾಲಿ ಟ್ರಿಪ್ಪಿಗೆ ಹೋದಾಗ ನೀವೂ ಸಾಲಾಗಿ ನಿಂತು ಒಂದು ಕಣ್ಣು ಮುಚ್ಚಿ ನೋಡೀರಿ. ಅದರಾಗ ಹಲ್ಲುಗಾಲಿ ಇಲ್ಲ, ಚಲಿಸೋ ಭಾಗ ಒಂದೂ ಇಲ್ಲ. ಬೇಕಾಗಿಯೂ ಇಲ್ಲ. ಉಳಿದ ನಕ್ಷತ್ರಗಳು ರಾತ್ರಿಯೆಲ್ಲ ಸರೀತಾವ, ಧ್ರುವ ಹೆಚ್ಚು ಕಡಿಮೆ ಒಂದೇ ಕಡೆ ನಿಲ್ತದ. ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಅದರ ಎತ್ತರವೂ ಹತ್ತಿರಹತ್ತಿರ ಅಷ್ಟೇ ಡಿಗ್ರಿ. ಕಿತ್ತೂರಿಗೆ ಅದು ಸುಮಾರು 15ರಿಂದ 16 ಡಿಗ್ರಿ. ಅಷ್ಟು ಓರೆ ಹಿಡಿದು ಒಮ್ಮೆ ತೂತು ಕೂಡಿಸಿದ್ರ ಮುಗೀತು.

ನನ್ನ ಹೊಸ ಕಿತ್ತೂರಿನ ನಕಾಶೆ ಹುಟ್ಟಿದ್ದು ಇಲ್ಲಿಂದ. ನೀರಿನ ಗಾಲಿ, ಹಗ್ಗದ ಮೇಲೆ ಓಡೋ ತೊಟ್ಟಿಲು, ಧ್ರುವ ಕೊಳವೆಯ ಕಾವಲು ಗೋಪುರ. ಹೊಗೆ ಇಲ್ಲ. 'ನೀರ್‌ಪಂಕ್' ಅಂತ ಹೆಸರಿಟ್ಟೀನಿ, ನಗಬ್ಯಾಡ್ರಿ. 1905ರಲ್ಲೇ ರುಕೈಯಾ ಹುಸೇನ್ ಎಂಬ ಬಂಗಾಳದ ಹೆಣ್ಣುಮಗಳು 'ಸುಲ್ತಾನಾಳ ಕನಸು' ಕಥೆಯಲ್ಲಿ ಹೆಂಗಸರೇ ಆಳುವ ದೇಶ ಕಟ್ಟಿ, ಸೂರ್ಯನ ಶಾಖದಿಂದ ಶತ್ರು ಸೈನ್ಯವನ್ನ ಓಡಿಸಿದ್ದಳು. ಹೊಗೆಯಿಲ್ಲದ ಯಂತ್ರಲೋಕಕ್ಕ ನಮ್ಮ ದೇಶದಾಗ ಆಗಲೇ ಹಾದಿ ಬಿದ್ದೈತಿ.

ಭಾಗ 5: ಯಂತ್ರದ ಪಕ್ಕ ಮನುಷ್ಯ

ಈ ಪುಟಗಳಿಗೆ ಲೈಕ್ ಕಡಿಮೆ ಬರ್ತಾವ, ಗೊತ್ತು. ಫಿಗರ್ ಸ್ಟಡಿ. ಆದ್ರ ನನಗ ಇವೇ ಮುಖ್ಯ.

ಮನುಷ್ಯಾಕೃತಿಯನ್ನ ಕೂತು ನೋಡಿ ಬರೆಯೋ ಈಗಿನ ಪದ್ಧತಿ ನಮ್ಮ ಕಡೆ ಬಂದದ್ದು ಬಹುಮಟ್ಟಿಗೆ ಮುಂಬೈ ದಾರಿಯಿಂದ. 1857ರಲ್ಲಿ ಶುರುವಾದ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅದರ ಮೂಲ, ಆಗ ನಾವೂ ಮುಂಬೈ ಪ್ರಾಂತದವರೇ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಇವರೆಲ್ಲ ಶಾಲೆ ಕಟ್ಟಿ ಕಲಿಸಿದರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಪುರಾಣದ ಚಿತ್ರ ಬರೆದರು. ಅವರ ದೇವತೆಗಳು ಹಾರುವಾಗಲೂ ಭುಜದ ಸ್ನಾಯು ಸರಿಯಾಗಿ ಎಳೆದುಕೊಂಡಿರ್ತಾವ. ಕಲ್ಪನೆ ಎಷ್ಟೇ ಎತ್ತರಕ್ಕೆ ಹೋಗಲಿ, ಕೆಳಗೆ ಎಲುಬು ಗಟ್ಟಿ ಇರಬೇಕು.

ಅದಕ್ಕೂ ಹಳೇ ಗುರುಗಳು ನಮ್ಮೂರ ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು. ಕೆಳಗಿನಿಂದ ಮೇಲಕ್ಕೆ ಓದಬೇಕು. ನಮ್ಮ ಸ್ವೈಪ್ ಸ್ಲೈಡಿನ ಅಜ್ಜ ಅನ್ರಿ.

ನಾನು ಕಲಿತದ್ದು ಪ್ಯಾಟ್ಯಾಗ. ಅರಳಿ ಅಂಡಿಗಿ ಹೊರೋ ಹಮಾಲರು ಅರ್ಧ ನಿಮಿಷ ನಿಂತಿರ್ತಾರ, ಅಷ್ಟರಾಗ ಬರೀಬೇಕು. ಮೊದಲು ಬೆನ್ನಿನ ಒಂದೇ ಗೆರಿ. ಭಾರ ತಲಿ ಮ್ಯಾಲೆ ಇದ್ರ ಗೆರಿ ನೆಟ್ಟಗ, ಬೆನ್ನ ಮ್ಯಾಲೆ ಇದ್ರ ಮುಂದಕ್ಕ ಬಾಗತದ. ಭಾರ ಹೊತ್ತ ಕಾಲಿನ ಹಿಮ್ಮಡಿ ಯಾವಾಗಲೂ ನೆಲಕ್ಕ ಒತ್ತಿರತದ. ಇದನ್ನ ನೋಡಿದ ಮ್ಯಾಲೆ ನನ್ನ ಹಳೇ ಚಿತ್ರ ತೆಗೆದು ನೋಡಿದೆ. ಅಷ್ಟು ದೊಡ್ಡ ತೋಪಿನ ಪಕ್ಕ ನಿಂತ ಸೈನಿಕರು ಬೊಂಬೆ ಇದ್ದಂಗ ಇದ್ರು. ತೋಪಿಗೆ ತೂಕ ಇತ್ತು, ಮನುಷ್ಯರಿಗೆ ಇರಲಿಲ್ಲ.

ಭಾಗ 6: ನಲವತ್ತಾರು ವರ್ಷದ ಹೆಣ್ಣುಮಗಳು

ಈಗ ಕಣ್ಣು ಮುಚ್ಚಿ ಚೆನ್ನಮ್ಮನನ್ನ ನೆನಸ್ಕೊಳ್ರಿ. ಕುದುರಿ ಮ್ಯಾಲೆ, ಕತ್ತಿ ಎತ್ತಿ, ಇಪ್ಪತ್ತೈದರ ಹರೆಯ. ಅಲ್ಲೇನು? ಆ ರೂಪ ನಮ್ಮ ಕಣ್ಣಿಗೆ ಬಂದದ್ದು ಸರ್ಕಲ್ಲಿನ ಪ್ರತಿಮೆಗಳಿಂದ, 1961ರ ಬಿ.ಆರ್. ಪಂತುಲು ಸಿನಿಮಾದ ಬಿ. ಸರೋಜಾದೇವಿಯಿಂದ. ಅದರಾಗ ತಪ್ಪೇನಿಲ್ಲ.

ಆದ್ರ ಲೆಕ್ಕ ಮಾಡ್ರಿ. ಹುಟ್ಟಿದ್ದು ಕಾಕತಿಯಲ್ಲಿ, 1778. ಯುದ್ಧ 1824. ಅಂದರೆ 46 ವರ್ಷ. ಗಂಡ ಮಲ್ಲಸರ್ಜ ತೀರಿ ಎಂಟು ವರ್ಷ. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಇಲ್ಲ, ಮಲಮಗನೂ ಒಂದು ತಿಂಗಳ ಹಿಂದಷ್ಟೇ ಹೋದ. ಆ ದೇಹ ಹೆಂಗಿರತದ? ಭುಜ ಹೆಂಗ ನಿಂತಿರತಾವ?

ನಮ್ಮ ಅವ್ವಗ ಈಗ 46. "ಹತ್ತು ನಿಮಿಷ ಕಿಟಕಿ ಹತ್ರ ಕುಂದ್ರಬೇ" ಅಂದೆ. ಕುಂತಳು. ಎರಡು ನಿಮಿಷಕ್ಕ ಎದ್ದು ಹಾಲು ಇಳಿಸಿ ಬಂದಳು. ಮತ್ತ ಕುಂತಳು, ಎಡಗೈ ತಾನಾಗೇ ಸೊಂಟಕ್ಕ ಹೋತು, ಅಲ್ಲಿ ನೋವೈತಿ. ಒಂದು ಭುಜ ಕೆಳಗ. ಕಣ್ಣು ಮಾತ್ರ ನೆಟ್ಟಗ ನನ್ನ ಕಡೆ. "ಎಷ್ಟೊತ್ತೋ ಇನ್ನ?"

ನಾ ಬರೆದ ಮೊದಲ ಖರೇ ಚೆನ್ನಮ್ಮ ಅದು. ಕತ್ತಿ ಇಲ್ಲ.

ಭಾಗ 7: ಕೊನೇ ಪುಟ

1824ರ ಡಿಸೆಂಬರಿನಿಂದ 1829ರ ಫೆಬ್ರವರಿವರೆಗೆ ಚೆನ್ನಮ್ಮ ಇದ್ದದ್ದು ನಮ್ಮೂರಾಗ, ಬೈಲಹೊಂಗಲದಾಗ, ಸೆರೆಯಲ್ಲಿ. ಪುಸ್ತಕದಾಗ ಅದು ಒಂದು ಸಾಲು. ಜೀವನದಾಗ ನಾಲ್ಕು ವರ್ಷದ ಮ್ಯಾಲೆ. ನಮ್ಮ ಡಿಗ್ರಿಗಿಂತ ಉದ್ದ. ಆಕಿ ತೀರಿಕೊಂಡ ಮ್ಯಾಲೂ ಸಂಗೊಳ್ಳಿ ರಾಯಣ್ಣ ಹೋರಾಡಿದ, 1831ರ ಜನವರಿ 26ಕ್ಕೆ ನಂದಗಡದಾಗ ಅವನನ್ನ ಗಲ್ಲಿಗೇರಿಸಿದರು.

ನನ್ನ ಬಲಗಡೆ ಪುಟದಾಗ ಕಿತ್ತೂರು ಗೆಲ್ತದ. ಗೋಪುರದಾಗ ದೀಪ, ನೀರಗಾಲಿ ತಿರುಗತಾವ, ಬೈಲಹೊಂಗಲಕ್ಕ ಒಂದು ಸ್ಟೇಶನ್ನೂ ಬರೆದೀನಿ, ಇವತ್ತಿಗೂ ನಮ್ಮೂರಿಗೆ ರೈಲಿಲ್ಲ ನೋಡ್ರಿ, ಕಲ್ಪನೆಯಾಗರ ಬರಲಿ. ಎಡಗಡೆ ಪುಟದಾಗ ಕಿಟಕಿ ಹತ್ರ ಕುಂತ ಒಬ್ಬ ಹೆಣ್ಣುಮಗಳು ಅದಾಳ, ಸೊಂಟದ ಮ್ಯಾಲೆ ಕೈ. ಎರಡೂ ಕಡೆ ಟೋಟಲ್ ಹಾಕಿದೆ, ಟ್ಯಾಲಿ ಆಗಲಿಲ್ಲ. ಆಗಬಾರದು ಅನಸ್ತು. ಗೆದ್ದ ಚಿತ್ರ ಬರೆದು ಆ ನಾಲ್ಕು ವರ್ಷವನ್ನ ಅಳಿಸಿದ್ರ, ಆಕಿ ತಡಕೊಂಡದ್ದಕ್ಕ ಬೆಲಿ ಏನು?

ಇನ್ನ ಮುಂದ ನನ್ನ ಕಲ್ಪನೆಯ ಪ್ರತಿ ಚಿತ್ರದ ನಡುವೇ 'ಕಲ್ಪನೆ' ಅಂತ ಬರೀತೀನಿ, ಮೂಲೆಯಾಗಲ್ಲ, ಕತ್ತರಿಸಾಕ ಬರಬಾರದು. ನೀವೂ ಎಐ ಇಂದಲೋ ಕೈಯಿಂದಲೋ ಇತಿಹಾಸದ ಚಿತ್ರ ಮಾಡಿದ್ರ ಹಂಗ ಮಾಡ್ರಿ. ನಿಮ್ಮ ಮನ್ಯಾಗೂ ಎಂಟನೇತ್ತೆ ತಮ್ಮ ಇರ್ತಾನ.

ಬರೋ ಐತವಾರ ಮುಂಜಾನೆ ಚೆನ್ನಮ್ಮನ ಸಮಾಧಿ ಹತ್ರ ಸ್ಕೆಚ್ ಮಾಡಾಕ ಹೊಂಟೀನಿ. ಪೆನ್ಸಿಲ್, ನೀರಿನ ಬಾಟ್ಲಿ ಸಾಕು. ಬರಾಕ ಬರೋದಿಲ್ಲ ಅಂದವ್ರೂ ಬರ್ರಿ, ಒಬ್ರು ಕುಂದ್ರಾಕ ಬೇಕ ಬೇಕು.

#ಬೈಲಹೊಂಗಲ #ಕಿತ್ತೂರು1824 #ಸ್ಕೆಚ್‌ಬುಕ್ #ನೀರ್‌ಪಂಕ್ #ಕಲ್ಪನೆ