ಮೂರು ಫೇಸಿನ ಹೆಬ್ಬಾಳ

ಮನೆಗೆ ದೀಪ ಮೊದಲು ಬಂತು, ಮೋಟರ್ ಆಮೇಲೆ ಬಂತು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಕಾವೇರಿಯ ಕರೆಂಟು ಮೈಸೂರು ಸಂಸ್ಥಾನದಲ್ಲಿ ಮೊದಲು ಹರಿದದ್ದು ಯಂತ್ರ ತಿರುಗಿಸಲು, ಅದೂ ತ್ರೀ ಫೇಸ್ ಆಗಿ. ಸಿಂಗಲ್ ಫೇಸ್ ಎಂಬುದು ಆ ಮೂರರಲ್ಲಿ ಒಂದು ಪಾಲು, ಅಷ್ಟೇ. ಬೆಂಗಳೂರಿನ ಹೆಬ್ಬಾಳ, ಕೆಂಪಾಪುರ, ಭೂಪಸಂದ್ರದ ಕಡೆ ಕೆಇಬಿ ಕಾಲದಿಂದಲೂ ಮೋಟರ್ ರೀವೈಂಡಿಂಗ್, ಮನೆ ವೈರಿಂಗ್ ಮಾಡಿಕೊಂಡು ಬಂದವನು ನಾನು. ಯಂತ್ರದ ತ್ರೀ ಫೇಸೇ ಮೊದಲು ಬಂತೆಂಬ ಸಂಗತಿ ಗೊತ್ತಿದ್ದರೆ ಮೀಟರ್ ಬೋರ್ಡನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ದೂರ ತ್ರೀ ಫೇಸ್ ಕರೆಂಟು ಕಳಿಸಿ ಜಗತ್ತಿಗೆ ತೋರಿಸಿದ್ದು 1891ರಲ್ಲಿ. ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಯೋಜನೆ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರದು, ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಕರೆಂಟು ಹರಿದದ್ದನ್ನು ನೋಡುವ ಭಾಗ್ಯ ದಿವಾನರಿಗೆ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಅಂದರೆ ಗಣಿಯ ಯಂತ್ರ ಮೂರು ವರ್ಷ ತಿರುಗಿದ ಮೇಲೆ ಪೇಟೆಗೆ ಬೆಳಕು ಬಂತು.

ಗಣಿಗೆ ಮೂರು ಫೇಸೇ ಯಾಕೆ? ಒಂದು ಫೇಸಿನಲ್ಲಿ ಕರೆಂಟು ಏರುತ್ತದೆ, ಇಳಿಯುತ್ತದೆ, ನಡುವೆ ಸೊನ್ನೆ ಮುಟ್ಟುತ್ತದೆ. ಮೂರು ಫೇಸಿನಲ್ಲಿ ಒಂದು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಒಂದೇ ಒರಳಿಗೆ ಮೂವರು ಸರದಿಯಲ್ಲಿ ಒನಕೆ ಹಾಕಿದ ಹಾಗೆ, ಪೆಟ್ಟು ನಿಲ್ಲುವುದೇ ಇಲ್ಲ. ಮೋಟರಿನ ಒಳಗೆ ಅಯಸ್ಕಾಂತದ ಬಲ ತಾನಾಗಿ ಸುತ್ತುತ್ತದೆ, ರೋಟರ್ ಅದರ ಹಿಂದೆ ಓಡುತ್ತದೆ. ಸಿಂಗಲ್ ಫೇಸ್ ಮೋಟರಿಗೆ ಶುರುವಾಗಲು ಕಂಡೆನ್ಸರಿನಂಥ ಆಸರೆ ಬೇಕು. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್.

ಹೆಬ್ಬಾಳಕ್ಕೆ ಈ ಮೂರು ತಂತಿಯ ಮಹತ್ವ ಬೇಸಾಯದಿಂದ ಬಂತು. ಇದು ಕೆರೆಯ ಊರು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1913ರಲ್ಲಿ ಕೃಷಿ ಶಾಲೆ ತೆರೆದ ಊರು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಕಂಡ ಊರು. ನಾನು ಕೆಲಸಕ್ಕೆ ಸೇರಿದಾಗ ಸುತ್ತಲೂ ದ್ರಾಕ್ಷಿ ತೋಟ, ತರಕಾರಿ ತೋಟ. ಬಾವಿಯ ಮೇಲೆ ಐದು ಎಚ್‌ಪಿ ಮೋಟರ್, ಅದಕ್ಕೆ ತ್ರೀ ಫೇಸ್. ತೋಟದವರ ಮನೆಗೆ ಮಾತ್ರ ಒಂದು ಫೇಸು, ನಾಲ್ಕೈದು ಬಲ್ಬು. ಮನುಷ್ಯರಿಗಿಂತ ಬೆಳೆಗೆ ಹೆಚ್ಚು ಕರೆಂಟು ಬೇಕಿದ್ದ ಕಾಲ ಅದು, ಅದು ಸರಿಯಾಗಿಯೇ ಇತ್ತು ಎಂದು ಈಗಲೂ ನಂಬಿದ್ದೇನೆ.

ಗಾಳಿಮಳೆಯಲ್ಲಿ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಒಂದು ಫ್ಯೂಸ್ ಹೋದರೆ ಸಾಕು, ಮಾರನೆಯ ದಿನ ಅಂಗಡಿಗೆ ಸುಟ್ಟ ಮೋಟರುಗಳು ಬರುತ್ತಿದ್ದವು. ನಮ್ಮ ಮೇಸ್ತ್ರಿ ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದು, ಟಾರ್ಚು ಹಿಡಿದು ಒಳಗೆ ತೋರಿಸುತ್ತಿದ್ದರು. ಸ್ಟಾರ್ ಕಟ್ಟಿದ ಮೋಟರಾದರೆ ಎರಡು ಫೇಸಿನ ಕಾಯಿಲು ಇದ್ದಿಲಿನಂತೆ ಕಪ್ಪಾಗಿ, ಮೂರನೆಯದರ ತಾಮ್ರ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಸುಟ್ಟ ವಾರ್ನಿಷ್ ವಾಸನೆ ಬಟ್ಟೆಗೆ ಹಿಡಿಯುತ್ತಿತ್ತು. "ಎರಡು ಸುಟ್ಟು ಒಂದು ಉಳಿದಿದೆ ಅಂದ್ರೆ ಫೇಸ್ ಹೋಗಿತ್ತು ಅಂತ ತಿಳ್ಕೋ ಮಗಾ. ಮೂರೂ ಸುಟ್ಟಿದ್ರೆ ಬೇರಿಂಗ್ ನೋಡು" ಎನ್ನುತ್ತಿದ್ದರು. ಯಾವ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ತ್ರೀ ಫೇಸ್ ಕಲಿಸಲಿಲ್ಲ. ತಿರುಗುತ್ತಿದ್ದ ಮೋಟರು ಒಂದು ಫೇಸ್ ಹೋದರೂ ನಿಲ್ಲುವುದಿಲ್ಲ, ಉಳಿದ ಎರಡರ ಮೇಲೆ ಮೂರರ ಹೊರೆ ಹೊತ್ತು ಓಡುತ್ತದೆ, ಹೊತ್ತೂ ಹೊತ್ತೂ ಸುಡುತ್ತದೆ. ಫೇಸ್ ಹೋದೊಡನೆ ಮೋಟರ್ ನಿಲ್ಲಿಸುವ ಪ್ರಿವೆಂಟರನ್ನು ಸ್ಟಾರ್ಟರಿಗೆ ಹಾಕಿಸಿಕೊಂಡ ರೈತರು ಈ ಖರ್ಚಿನಿಂದ ಪಾರಾದರು. ಲೈನಿನಲ್ಲಿ ಸಿಂಗಲ್ ಫೇಸ್ ಮಾತ್ರ ಬಿಡುವ ಹೊತ್ತಿನಲ್ಲೂ ನೀರು ಬೇಕೆಂದು ಕಂಡೆನ್ಸರ್ ಕಟ್ಟಿ ಮೋಟರ್ ಓಡಿಸಿದವರೂ ಇದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಿದಾಗ ಟಿಸಿಯ ಒಂದೇ ಫೇಸಿನ ಮೇಲೆ ಇಡೀ ಊರಿನ ಭಾರ ಬೀಳುತ್ತದೆ.

ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ ಬಂತು. 2003ರಲ್ಲಿ ಫ್ಲೈಓವರ್, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ತೋಟಗಳು ಲೇಔಟ್ ಆದವು. ತ್ರೀ ಫೇಸ್ ಬಾವಿಯನ್ನು ಬಿಟ್ಟು ಮನೆಗೆ ಬಂತು: ಲಿಫ್ಟು, ಬೋರ್‌ವೆಲ್ಲು, ಮಹಡಿಗೊಂದು ಗೀಸರು, ಎಸಿ, ಈಗ ಕಾರಿನ ಚಾರ್ಜರ್. ಅಂದು ತೋಟಕ್ಕೆ ಬೇಕಿದ್ದ ಶಕ್ತಿ ಇಂದು ಒಂದೇ ಸಂಸಾರಕ್ಕೂ ಸಾಲದು.

ಮನೆಯ ತ್ರೀ ಫೇಸಿಗೆ ಬೇರೆಯದೇ ಅಪಾಯವಿದೆ. ನ್ಯೂಟ್ರಲ್ ಕಡಿದರೆ ಮೂರು ಫೇಸಿನ ನಡುವಿನ ಸಮತೋಲ ತಪ್ಪುತ್ತದೆ. ಕಡಿಮೆ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೆ ಏರಿ ಟಿವಿ, ಫ್ರಿಡ್ಜ್ ಸುಟ್ಟುಹೋಗುತ್ತವೆ. ಇಂಥ ಮನೆಗಳಿಗೆ ಹೋದಾಗ ನನಗೆ ಕಂಡದ್ದು ಬಹುಪಾಲು ಒಂದೇ: ಸಡಿಲವಾದ ನ್ಯೂಟ್ರಲ್ ಸ್ಕ್ರೂ, ಗೀಸರುಗಳೆಲ್ಲ ಒಂದೇ ಫೇಸಿನ ಮೇಲೆ.

ಆದ್ದರಿಂದ ಹೊಸದಾಗಿ ತ್ರೀ ಫೇಸ್ ಪಡೆಯುವವರಲ್ಲಿ ನನ್ನ ಕೋರಿಕೆ ಇಷ್ಟು. ಲೋಡನ್ನು ಆರ್, ವೈ, ಬಿ ಎಂಬ ಮೂರು ಫೇಸಿಗೂ ಹಂಚಿಸಿ, ಯಾವ ಕೋಣೆ ಯಾವ ಫೇಸಿನಲ್ಲಿದೆ ಎಂದು ಬೋರ್ಡಿನ ಒಳಗೆ ಬರೆಸಿಡಿ. ವರ್ಷಕ್ಕೊಮ್ಮೆ ಬಲ್ಲವರಿಂದ ನ್ಯೂಟ್ರಲ್ ಬಿಗಿ ನೋಡಿಸಿ. ಒಂದು ಫೇಸ್ ಹೋದಾಗ ನೀವೇ ಫ್ಯೂಸ್ ಕಿತ್ತು ಪಕ್ಕದ ಫೇಸಿಗೆ ಹಾಕಬೇಡಿ, ಲೈನ್‌ಮನ್ ಬರುವವರೆಗೆ ಪಂಪನ್ನೂ ಲಿಫ್ಟನ್ನೂ ಆಫ್ ಮಾಡಿಡಿ.