ಒಂದೇ ಬೆಂಚು, ಮೂರು ರೇಟು

ಒಂದೇ ಮೆಡಿಕಲ್ ಕಾಲೇಜು, ಒಂದೇ ಬೆಂಚು, ಪಾಠ ಹೇಳೋ ಮೇಷ್ಟ್ರೂ ಒಬ್ಬರೇ. ಆದರೆ ಸರ್ಕಾರಿ ಸೀಟಿನವನ ವರ್ಷದ ಫೀಸು 2 ಸಾವಿರ, ಪಕ್ಕದಲ್ಲಿ ಕೂತ ಕರ್ನಾಟಕದವನದ್ದೇ 25 ಸಾವಿರದವರೆಗೆ, ಹೊರರಾಜ್ಯದವನದ್ದು 60 ಸಾವಿರದವರೆಗೆ! ಇದು 1989ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಹೊರಡಿಸಿದ ಅಧಿಸೂಚನೆ. ತಮಾಷೆ ಏನು ಗೊತ್ತಾ? ಅದನ್ನು ಹೊರಡಿಸಿದ್ದು ಕ್ಯಾಪಿಟೇಷನ್ ನಿಷೇಧಿಸೋಕೆ ಅಂತಲೇ 1984ರಲ್ಲಿ ಮಾಡಿದ ಕಾನೂನಿನ ಅಡಿಯಲ್ಲಿ.

ಮೀರತ್‌ನ ವಿದ್ಯಾರ್ಥಿನಿ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದ್ದರು. ಮೊದಲ ವರ್ಷಕ್ಕೆ 60 ಸಾವಿರ ಕಟ್ಟಿ, ಉಳಿದ ವರ್ಷಗಳ ಫೀಸಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಅಂದಿತು ಕಾಲೇಜು. ಅಪ್ಪನ ಕೈಲಿ ಆಗಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಜುಲೈನಲ್ಲಿ ಕೋರ್ಟು, ಇದು ಕ್ಯಾಪಿಟೇಷನ್ನೇ, ಶಿಕ್ಷಣ ಮಾರಾಟದ ಸರಕಲ್ಲ ಎಂದಿತು.

ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಬಂತು. ಮೂಲಭೂತ ಹಕ್ಕು ಅನ್ನೋದು 14 ವರ್ಷದವರೆಗಿನ ಶಿಕ್ಷಣಕ್ಕೆ ಮಾತ್ರ ಎಂದ ಕೋರ್ಟು, ವೃತ್ತಿಪರ ಕಾಲೇಜುಗಳಿಗೆ ಹೊಸ ಸೂತ್ರ ಕೊಟ್ಟಿತು: ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು, ಎಲ್ಲವೂ ಮೆರಿಟ್ ಮೇಲೆ. 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾಯಿತು. ಬಡವರ ಮಕ್ಕಳಿಗೆ ಬಾಗಿಲು ತೆರೆಯಿತು ಅಂತ ಎಲ್ಲರೂ ಖುಷಿಪಟ್ಟರು.

ಆದರೆ ಆಗಿದ್ದೇನು? 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ 11 ನ್ಯಾಯಮೂರ್ತಿಗಳ ಪೀಠವೇ ಅದನ್ನು ಬರೆದಿದೆ. ರ‍್ಯಾಂಕ್ ಪರೀಕ್ಷೆಯಲ್ಲಿ ಪಟ್ಟಣದ ಮಕ್ಕಳದ್ದೇ ಮೇಲುಗೈ. ಅನುಕೂಲಸ್ಥರ ಫ್ರೀ ಸೀಟಿನ ಖರ್ಚನ್ನು, ಒಂದಿಷ್ಟು ಅಂಕ ಕಡಿಮೆ ಬಂದ ಹಳ್ಳಿಯ ಅಥವಾ ಬಡ ವಿದ್ಯಾರ್ಥಿ ಹೊರುತ್ತಿದ್ದ! ಕೋರ್ಟು ಆ ಸೂತ್ರವನ್ನೇ ತೆಗೆದುಹಾಕಿತು. ಕಾಲೇಜುಗಳು ಲಾಭಕೋರತನ ಮಾಡುವಂತಿಲ್ಲ, ಕ್ಯಾಪಿಟೇಷನ್ ಕೇಳುವಂತಿಲ್ಲ, ಆದರೆ ಬೆಳವಣಿಗೆಗೆ ಬೇಕಾದಷ್ಟು 'ಮಿಗತೆ' ಇಟ್ಟುಕೊಳ್ಳಬಹುದು ಎಂದಿತು. 2005ರ ಇನಾಮದಾರ್ ತೀರ್ಪು, ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಸೀಟು ಹಂಚಿಕೆ ಹೇರುವಂತಿಲ್ಲ ಎಂದು, ಎನ್‌ಆರ್‌ಐಗಳಿಗೆ 15%ವರೆಗೆ ಅವಕಾಶ ಕೊಟ್ಟಿತು.

ನಾನೂ ಸಿಇಟಿ ಬರೆದೇ ಇಂಜಿನಿಯರಿಂಗ್ ಸೇರಿದವನು. ನಮ್ಮ ಕ್ಲಾಸಲ್ಲೂ ಮೂರು ರೇಟು: ಸಿಇಟಿ, ಕಾಮೆಡ್-ಕೆ, ಮ್ಯಾನೇಜ್‌ಮೆಂಟ್. ಕಡಿಮೆ ಫೀಸಿನವರಲ್ಲಿ ಬಹಳ ಜನ ಎರಡು ವರ್ಷ ಟ್ಯೂಷನ್‌ಗೆ ದುಡ್ಡು ಸುರಿದವರು. ಅಪ್ಪ ಹೊಲ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದ ಹುಡುಗನೂ ಅದೇ ಹಾಸ್ಟೆಲ್‌ನಲ್ಲಿದ್ದ. ಮ್ಯಾನೇಜ್‌ಮೆಂಟ್ ಸೀಟು ಅಂದ ಕೂಡಲೇ ಶ್ರೀಮಂತರ ಮಗ ಅಂತ ನಗ್ತೀವಲ್ಲ, ಅವನನ್ನೂ ಒಂದ್ಸಲ ನೆನೆಸಿಕೊಳ್ಳಿ.

ಖಾಸಗಿ ಕಾಲೇಜುಗಳೇ ಬೇಡ ಅನ್ನೋ ಮಾತಲ್ಲ ಇದು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯ ಬೆಂಗಳೂರಿನಲ್ಲಿ, 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಾಲೇಜು ಕಟ್ಟದಿದ್ದರೆ ಎಷ್ಟೋ ಮನೆಗಳಲ್ಲಿ ಡಾಕ್ಟರು, ಇಂಜಿನಿಯರು ಹುಟ್ಟುತ್ತಲೇ ಇರಲಿಲ್ಲ. ಆದರೆ ಮೂವತ್ತು ವರ್ಷಗಳಿಂದ ನಾವು ಜಗಳ ಆಡಿದ್ದು ಫೀಸು ಎಷ್ಟು ಅಂತ. ಕಡಿಮೆ ಫೀಸಿನ ಸೀಟು ಯಾರ ಮನೆ ಸೇರ್ತಿದೆ ಅಂತ ಯಾವ ಸರ್ಕಾರವೂ ಲೆಕ್ಕ ಒಪ್ಪಿಸಿಲ್ಲ. ಸೀಟು ಹಂಚಿಕೆ ಪಟ್ಟಿಯ ಜೊತೆ ಆ ಲೆಕ್ಕವನ್ನೂ ಪ್ರತಿ ವರ್ಷ ಜನರ ಮುಂದೆ ಇಡಲಿ. ಆಮೇಲೆ ಮೆರಿಟ್ ಬಗ್ಗೆ ಮಾತಾಡೋಣ.